ಕಲ್ಲಿಗೆ ಕನ್ನಡ ಕಲಿಸಿದ ಬೇಸಿಗೆ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆಸಿಕೊಂಡರು. ಜೂನ್ ತಿಂಗಳಿಂದ ಏಳನೆಯ ತರಗತಿಗೆ ಭೂಗೋಳವನ್ನು ಕನ್ನಡದಲ್ಲಿ ಕಲಿಸಬೇಕಾಗಿದೆ, ಆ ಕೆಲಸ ನಿಮ್ಮದು ಎಂದರು. ನಾನೇ ಯಾಕೆ ಎಂದು ಕೇಳಿದೆ.

"ನಿಮ್ಮ ಮನಿಯಾಗ ಕನ್ನಡ ಮಾತಾಡ್ತಾರಲ್ರೀ," ಎಂದರು.

ನನ್ನ ಯೋಗ್ಯತೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದುದು ನಿಜ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದಕ್ಕೆ, ನೆಂಟರ ಮೇಲೆ ಸಿಟ್ಟಾಗುವುದಕ್ಕೆ, ದೇವರ ನಾಮ ಹೇಳುವುದಕ್ಕೆ ಸಾಲುವಷ್ಟು ಕನ್ನಡ ನನ್ನಲ್ಲಿತ್ತು. ಆದರೆ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಭೂಮಿ ಗುಂಡಗಿರುವುದು ನನಗೆ ಉರ್ದುವಿನಲ್ಲಿ ಗೊತ್ತಿತ್ತು. ಕಲ್ಲುಗಳು ಮೂರು ಬಗೆ, ಒಂದು ಇನ್ನೊಂದಾಗುತ್ತ ಹೋಗುತ್ತದೆ ಎಂಬುದು ನನ್ನ ತಲೆಯಲ್ಲಿ ಬಲದಿಂದ ಎಡಕ್ಕೆ ಬರೆದಿತ್ತು. ಕನ್ನಡದಲ್ಲಿ ನನಗೆ ಗೊತ್ತಿದ್ದ ವಿಜ್ಞಾನ ಒಂದೇ: ಗ್ರಹಣ ಹಿಡಿದಾಗ ಊಟ ಮಾಡಬಾರದು.

ಇದರಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿಯವರೆಗೆ ಆ ತರಗತಿಗೆ ಭೂಗೋಳ ಕಲಿಸುತ್ತಿದ್ದವರು ನನ್ನ ಗುರುಗಳು. ಹೈದರಾಬಾದ್ ಕಡೆಯವರು, ರಾಯಚೂರಿಗೆ ಬಂದು ಮೂವತ್ತು ವರ್ಷವಾಗಿತ್ತು. ನಾವೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದೆವು. ಬಜಾರಿನಲ್ಲಿ ತರಕಾರಿ ಚೌಕಾಸಿ ಮಾಡುವಷ್ಟು ಕನ್ನಡ ಅವರಿಗೆ ಬರುತ್ತಿತ್ತು, ಓದು ಬರಹ ಬರುತ್ತಿರಲಿಲ್ಲ. ಒಂದು ವರ್ಷದೊಳಗೆ ಕನ್ನಡ ಕಲಿತು ಪರೀಕ್ಷೆಗೆ ಕೂಡಬೇಕು, ಇಲ್ಲವಾದರೆ ಮನೆಗೆ ಹೋಗಬಹುದು ಎಂದು ಅವರಿಗೆ ಕಾಗದ ಬಂದಿತ್ತು. ಅವರ ಕುರ್ಚಿ ನನ್ನ ಪಾಲಿಗೆ ಬಂತು. ಅವರು ಹೆಡ್‌ಮಾಸ್ತರರನ್ನು ಕೇಳಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡರು. ಅಕ್ಷರವೂ ಆಯಿತು, ವಿಷಯವೂ ಆಯಿತು ಎಂದು ಅವರ ಲೆಕ್ಕ.

ಕಲ್ಲಿನ ಪಾಠ ಅವರಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ನಾನು ಅವರ ವಿದ್ಯಾರ್ಥಿಯಾಗಿದ್ದಾಗ ನಮ್ಮನ್ನು ಕೋಟೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಬಂಡೆಗೆ ಕೆನ್ನೆ ಇಡಿಸಿ, ಇದು ಒಮ್ಮೆ ಕುದಿಯುವ ರಸವಾಗಿತ್ತು ಎಂದಿದ್ದರು. ಭೂಮಿಯ ಒಳಗೆ ಬಹಳ ನಿಧಾನವಾಗಿ ಆರಿದ್ದರಿಂದ ಅದರಲ್ಲಿ ಇಷ್ಟು ದಪ್ಪ ಹರಳು ಮೂಡಿವೆ ಎಂದು ಹೇಳಿ, ಜೇಬಿನಿಂದ ಕಲ್ಲುಸಕ್ಕರೆ ತೆಗೆದು ತೋರಿಸಿ, ಪಾಕವೂ ನಿಧಾನವಾಗಿ ಆರಿದರೇ ಹೀಗೆ ದೊಡ್ಡ ಹರಳಾಗುವುದು ಎಂದು ವಿವರಿಸಿ, ಆಮೇಲೆ ಅದನ್ನು ನಮಗೇ ಹಂಚಿದ್ದರು. ಪಾಠ ಮರೆತವರೂ ಆ ಹರಳು ಮರೆಯಲಿಲ್ಲ. ಆದರೆ ಆ ಮೂರು ಬಗೆಗೆ ಅವರು ಹೇಳಿಕೊಟ್ಟ ಹೆಸರುಗಳೆಲ್ಲ ಅರಬಿ, ಫಾರಸಿಯವು: ಆತಿಶಿ, ರುಸೂಬಿ, ಮುತಘಯ್ಯಿರ. ಅವುಗಳನ್ನು ಕನ್ನಡಕ್ಕೆ ತರುವ ಭಾರ ನನ್ನದು. ಕನ್ನಡದ ಪುಸ್ತಕ ಇನ್ನೂ ಬಂದಿರಲಿಲ್ಲ. ಬರುತ್ತದೆ ಎಂದು ಹೇಳುವ ಕಾಗದ ಮಾತ್ರ ಎರಡು ಸಲ ಬಂದಿತ್ತು.

ಮೊದಲು ಮಾನ್ವಿಗೆ ಹೋದೆ. ಅಲ್ಲಿ ನಮ್ಮ ತಂದೆ ಗುಡಿಯ ಪೂಜೆ ಮಾಡಿಕೊಂಡಿದ್ದರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಬೆಳಗಿನ ಪೂಜೆ ಮುಗಿಸಿ ದೇವರ ಪೆಟ್ಟಿಗೆ ಮುಚ್ಚುವ ಮೊದಲೇ ನನ್ನ ಕಷ್ಟ ಹೇಳಿಕೊಂಡೆ.

"ಬೆಂಕಿಯಿಂದ ಹುಟ್ಟಿದ ಕಲ್ಲಿಗೆ ಏನನ್ನಬೇಕು?"

"ವಹ್ನಿಸಂಭೂತ ಪಾಷಾಣ," ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

"ನೀರಿನ ತಳದಾಗ ಕೆಸರು ಪದರ ಪದರ ಕೂತು ಕಲ್ಲಾದದ್ದಕ್ಕ?"

"ಜಲತಲನಿಕ್ಷಿಪ್ತ ಸ್ತರೀಭೂತ ಪಾಷಾಣ."

"ಮೊದಲೊಂದು ಕಲ್ಲಾಗಿದ್ದು, ಭೂಮಿ ಒಳಗ ಕಾವಿಗೆ, ಭಾರಕ್ಕ ಸಿಕ್ಕು, ಕರಗದೇ ಬ್ಯಾರೆ ಕಲ್ಲಾದದ್ದಕ್ಕ?"

ಇದಕ್ಕೆ ಸ್ವಲ್ಪ ಯೋಚಿಸಿದರು. "ತಾಪಪೀಡನಜನ್ಯ ರೂಪಾಂತರಪ್ರಾಪ್ತ ಪಾಷಾಣ. ಬರ್ಕೋ. ಮುಂದ ಬೇಕಾದ್ರ ಇನ್ನೂ ಸೂಕ್ಷ್ಮ ಮಾಡೋಣು."

ಬರೆದುಕೊಂಡೆ. ಅವರ ಉತ್ಸಾಹ ಕಂಡು ನನಗೂ ಧೈರ್ಯ ಬಂತು. ಪೆಟ್ಟಿಗೆಯಲ್ಲಿದ್ದ ಸಾಲಿಗ್ರಾಮದ ಕಡೆ ತೋರಿಸಿ, ಅದೂ ಈ ಎರಡನೆಯ ಬಗೆಯದೇ, ಸಮುದ್ರದ ತಳದ ಕೆಸರಿನಲ್ಲಿ ಹೂತುಹೋದ ಯಾವುದೋ ಜೀವಿಯ ಚಿಪ್ಪಿನ ಗುರುತು ಒಳಗೆ ಚಕ್ರವಾಗಿ ಉಳಿದಿದೆ ಎಂದು ನಾನು ಓದಿದ ಉರ್ದು ಪುಸ್ತಕದಲ್ಲಿದೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಒಳಗೆ ಅವ್ವ ಪಾತ್ರೆ ಸದ್ದು ನಿಲ್ಲಿಸಿದ್ದಳು.

ತಂದೆ ಸಾಲಿಗ್ರಾಮವನ್ನು ವಸ್ತ್ರದಲ್ಲಿ ಸುತ್ತಿ ಒಳಗಿಟ್ಟರು.

"ದೇವರು ಮೊದಲು ಮತ್ಸ್ಯ, ಕೂರ್ಮ ಆಗಿ ನೀರಾಗ ಇದ್ದ ಅಂತ ನಾವು ಎಷ್ಟು ಕಾಲದಿಂದ ಹೇಳಿಕೋತ ಬಂದೀವಿ. ನಿಮ್ಮ ಪುಸ್ತಕಕ್ಕ ಈಗ ಗೊತ್ತಾತೇನು?" ಎಂದರು. "ಆಗಲಿ, ತಡ ಆದ್ರೂ ಗೊತ್ತಾತಲ್ಲ. ಕೈಕಾಲು ತೊಳಕೊಂಡು ಎಲಿ ಹಾಕು."

ಹೆಸರುಗಳೇನೋ ಸಿಕ್ಕವು. ಇನ್ನು ಮಕ್ಕಳಿಗೆ ತೋರಿಸಲು ಕಲ್ಲುಗಳು ಬೇಕಿದ್ದವು. ರಾಯಚೂರಿನಲ್ಲಿ ಕಲ್ಲಿಗೆ ಬರವೇ ಎಂದು ನೀವು ಕೇಳಬಹುದು. ಬರವಿಲ್ಲ, ಆದರೆ ಎಲ್ಲ ಒಂದೇ ಬಗೆಯವು. ಮಿರಿಮಿರಿ ಮಿಂಚುವ ಪದರಗಳ, ಒತ್ತಡಕ್ಕೆ ಸಿಕ್ಕು ಬದಲಾದ ಕಲ್ಲು ದೇವದುರ್ಗದ ಕಡೆ ಸಿಗುತ್ತದೆ ಎಂದು ಉಸ್ತಾದರು ಹೇಳಿದರು. "ನಾನೂ ಬರುತ್ತೇನೆ ಬೇಟಾ," ಎಂದು ಉರ್ದುವಿನಲ್ಲಿ ಸೇರಿಸಿದರು. "ನನ್ನ ಹಳೆಯ ಕಲ್ಲುಗಳನ್ನು ನೀನು ಹೊಸ ಹೆಸರಿನಿಂದ ಕರೆಯುವಾಗ ಅವು ತಿರುಗಿ ನೋಡುತ್ತವೆಯೋ ಇಲ್ಲವೋ ನೋಡಬೇಕು."

ದೇವದುರ್ಗಕ್ಕೆ ದಿನಕ್ಕೆ ಒಂದೇ ಬಸ್ಸು. ಇಳಿದವರು ಅರಕೇರಾ ದಾರಿಯಲ್ಲಿ ನಡೆದೆವು. ಉಸ್ತಾದರು ತಲೆಗೆ ಟವೆಲು ಸುತ್ತಿಕೊಂಡಿದ್ದರು. ಒಂದು ಹರದಾರಿ ಹೋಗುವಷ್ಟರಲ್ಲಿ ಬಯಲಿನಂತೆ ಹಾಸಿದ ಬಂಡೆಯ ಮೇಲೆ ಹೊಗೆ ಕಾಣಿಸಿತು. ಅಲ್ಲಿ ಕಲ್ಲು ಎಬ್ಬಿಸುವವರ ನಾಲ್ಕು ಗುಡಿಸಲಿದ್ದವು. ಗಂಡಸರು ದೂರದಲ್ಲಿ ಚಪ್ಪಡಿ ಸೀಳುತ್ತಿದ್ದರು. ಬಂಡೆಯ ಮೇಲೆ ಉದ್ದಕ್ಕೆ ಕಟ್ಟಿಗೆ ಹರಡಿ ಬೆಂಕಿ ಹಾಕಿದ್ದವಳು ಒಬ್ಬಳು ಹೆಂಗಸು, ಐವತ್ತರ ಮೇಲಿರಬೇಕು. ಬೆಂಕಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸಣ್ಣ ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ, ಬೆಂಕಿಯನ್ನು ಕೋಲಿನಿಂದ ಮುಂದೆ ಮುಂದೆ ಸರಿಸುತ್ತಿದ್ದಳು.

ನಾನು ಜೇಬಿನಿಂದ ನೋಟುಬುಕ್ಕು ತೆಗೆದೆ.

"ಯವ್ವಾ, ಈ ಕಲ್ಲಿಗೆ ನೀವು ಏನಂತ ಕರೀತೀರಿ?"

ಅವಳು ನನ್ನನ್ನೂ ಉಸ್ತಾದರನ್ನೂ ನೋಡಿದಳು. "ಕಲ್ಲಂತೀವ್ರೀ."

ಉಸ್ತಾದರು ಟವೆಲಿನಲ್ಲಿ ಬಾಯಿ ಒರೆಸಿಕೊಂಡರು. ನಗುವನ್ನು ಅವರು ಹಾಗೆಯೇ ಮುಚ್ಚಿಕೊಳ್ಳುತ್ತಿದ್ದುದು.

ನಾನು ಮಾಸ್ತರನೆಂದು ಹೇಳಿಕೊಂಡೆ. ಈ ಬಂಡೆ ಬಹಳ ಬಹಳ ಹಿಂದೆ ಭೂಮಿಯ ಒಳಗೆ ಬೆಂಕಿಯಂಥ ರಸವಾಗಿತ್ತು, ಆರಿ ಗಟ್ಟಿಯಾಯಿತು ಎಂದು ಪಾಠ ಶುರುಮಾಡಿದೆ. ಅವಳು ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ಅದಕ್ಕ ಬೆಂಕಿ ಮಾತು ಕೇಳತದ ಹಂಗಾರ," ಎಂದಳು. "ಎಷ್ಟು ಹೊಡದ್ರೂ ಏಳಂಗಿಲ್ಲರೀ ಇದು. ಬೆಂಕಿ ಹಾಕಿದ್ರ ತಾನಾಗೇ ಏಳತದ. ತವರುಮನಿಯವರು ಕರದ್ರ ಯಾರು ಏಳಂಗಿಲ್ಲ?"

ಅಷ್ಟರಲ್ಲಿ ಸುತ್ತಿಗೆಯ ಸದ್ದು ಬದಲಾಯಿತು. ಟಣ್ ಎನ್ನುತ್ತಿದ್ದುದು ಡಬ್ ಎಂದಿತು. ಅವಳು ಬೆರಳೆತ್ತಿ ನಮ್ಮನ್ನು ಸುಮ್ಮನಿರಿಸಿದಳು. ಬಂಡೆಯ ಮೇಲಿನ, ಅಂಗೈ ಅಗಲದಷ್ಟು ದಪ್ಪದ ಪದರ ಅಡಿಯಿಂದ ಬಿಟ್ಟುಕೊಂಡಿತ್ತು. ನಾನು ಹತ್ತು ವರ್ಷ ಓದಿ, ಆರು ವರ್ಷ ಕಲಿಸಿದ್ದೆ. ಕಲ್ಲು ಏಳುವುದನ್ನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಅವಳು ತಾನೇ ಎದ್ದು ನಮ್ಮನ್ನು ಸುತ್ತ ಕರೆದುಕೊಂಡು ಹೋದಳು. ಒಂದು ಕಡೆ ಬಂಡೆ ಕೆಂಪಗೆ, ಮೈಯೆಲ್ಲ ಬಿರಿದು ನಿಂತಿತ್ತು. ಕೈಯಿಂದ ಒತ್ತಿದರೆ ಪುಡಿ ಉದುರುತ್ತಿತ್ತು. "ಇದು ಹಣ್ಣಾಗ್ಯಾದ್ರೀ. ಕೆಲಸಕ್ಕ ಬರಂಗಿಲ್ಲ."

"ಹಣ್ಣಾದ ಮ್ಯಾಲೆ ಏನಾಗತದ?" ಉಸ್ತಾದರು ತಮ್ಮ ಬಜಾರಿನ ಕನ್ನಡದಲ್ಲಿ ಕೇಳಿದರು.

"ಗರಸು ಆಗತದ. ಗರಸು ಹೋಗಿ ಮಣ್ಣಾಗತದ. ಮಳಿ ಬಂದ್ರ ಹಳ್ಳಕ್ಕ ಹೋಗತದ, ಹಳ್ಳದಿಂದ ಕೃಷ್ಣಿಗೆ. ಆಮ್ಯಾಲಿಂದು ನಿಮಗ ಗೊತ್ತಿರಬೇಕು, ಓದಿದವರು."

ಆಮೇಲಿನದನ್ನು ಉಸ್ತಾದರು ಹೇಳಿದರು. ನದಿ ಆ ಮಣ್ಣನ್ನೂ ಮರಳನ್ನೂ ಸಮುದ್ರಕ್ಕೆ ಒಯ್ಯುತ್ತದೆ, ಅಲ್ಲಿ ತಳದಲ್ಲಿ ಒಂದರ ಮೇಲೊಂದು ಪದರ ಕೂತು, ಭಾರಕ್ಕೆ ಅಮುಕಿ ಮತ್ತೆ ಕಲ್ಲಾಗುತ್ತದೆ, ಎಂದೋ ಒಂದು ದಿನ ಸಮುದ್ರವೇ ಸರಿದು ಆ ಕಲ್ಲು ನೆಲವಾಗುತ್ತದೆ ಎಂದರು. ನಮ್ಮ ಮೂವರಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ಮೂವರೂ ತಲೆಯಾಡಿಸಿದೆವು.

"ಶಾಬಾದಿ ಕಲ್ಲು ಹಂಗ ಆದದ್ದೇನ್ರೀ?" ಎಂದು ಕೇಳಿದಳು. ಶ್ರೀಮಂತರ ಮನೆಗಳಿಗೆ ಹಾಸುವ ನುಣುಪು ಕಲ್ಲು ಅದು. ಅದು ಸುಣ್ಣದ ಕೆಸರಿನಿಂದ ಆದದ್ದು ಎಂದು ಹೇಳಿದೆ. ಅವಳಿಗೆ ಅದರ ಮೇಲೆ ಮೊದಲೇ ತಾತ್ಸಾರವಿತ್ತು. "ಅದೇನು ಕಲ್ಲೇನ್ರೀ? ಹೆಂಚಿನ ಮ್ಯಾಲಿನ ರೊಟ್ಟಿ ಎಬ್ಬಿಸಿದಂಗ ಪದರಪದರ ಎದ್ದು ಬರತದ. ಪದರಗಲ್ಲು."

ಕೊನೆಗೆ ನಾವು ಹುಡುಕಿ ಬಂದಿದ್ದ ಕಲ್ಲನ್ನೂ ಅವಳೇ ತೋರಿಸಿದಳು. ಹಳ್ಳದ ದಂಡೆಯಲ್ಲಿ ಮಿಂಚುತ್ತಿತ್ತು. ಅದರಲ್ಲಿದ್ದ ಅಭ್ರಕಕ್ಕೆ ಕಾಗೆಬಂಗಾರ ಎನ್ನುತ್ತಾರೆಂದು ನನಗೂ ಗೊತ್ತಿತ್ತು, ಗೊತ್ತಿದ್ದ ಕನ್ನಡ ಪದವೊಂದು ಸಿಕ್ಕಿತೆಂದು ಹಿಗ್ಗಿದೆ. ಈ ಕಲ್ಲು ಬೆಂಕಿಯಲ್ಲಿ ಕರಗಿಲ್ಲ, ಒಳಗಿನ ಕಾವಿಗೆ, ಮೇಲಿನ ಭಾರಕ್ಕೆ ಇದ್ದಲ್ಲಿಯೇ ಬದಲಾಗಿದೆ, ಇನ್ನೂ ಆಳಕ್ಕೆ ಹೋದರೆ ಕರಗಿ ಮತ್ತೆ ರಸವಾಗುತ್ತದೆ ಎಂದೆ.

"ಬೆಂದದ ಅನ್ರಿ. ಕಡುಬು ಬೆಂದಂಗ. ಹಿಟ್ಟು ಕರಗಂಗಿಲ್ಲ, ಆದ್ರ ಹಿಟ್ಟಾಗೂ ಉಳಿಯಂಗಿಲ್ಲ."

ಉಸ್ತಾದರು ನನ್ನ ಕಡೆ ನೋಡಿದರು. ನಾನು ನೋಟುಬುಕ್ಕು ಮುಚ್ಚಿ ಜೇಬಿಗೆ ಹಾಕಿಕೊಂಡೆ. ತಂದೆಯವರು ಕೊಟ್ಟ ಪದಗಳ ಪಕ್ಕದಲ್ಲಿ ಕಡುಬನ್ನು ಬರೆಯಲು ನನಗೆ ನಾಚಿಕೆಯಾಯಿತು. ಉಸ್ತಾದರು ಮಾತ್ರ ತಮ್ಮ ಪುಸ್ತಕ ತೆಗೆದು, ಉರ್ದು ಅಕ್ಷರದಲ್ಲಿ, ಅವಳು ಹೇಳಿದ್ದನ್ನು ಅವಳಿಂದಲೇ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಕಲ್ಲಿನ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡೆವು. ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು, ಪುಕ್ಕಟೆ ಸಿಗುವ ಕಲ್ಲು ಹೊತ್ತುಕೊಂಡು ಹೋಗುವವರನ್ನು ಅವಳು ಅನುಕಂಪದಿಂದ ನೋಡಿ, ಕುಡಿಯಲು ಮಜ್ಜಿಗೆ ಕೊಟ್ಟಳು.

ಜೂನ್ ಬಂತು. ಹಲಗೆಯ ಮೇಲೆ ನಾನು ಮುತ್ತಿನಂಥ ಅಕ್ಷರದಲ್ಲಿ "ಜಲತಲನಿಕ್ಷಿಪ್ತ ಸ್ತರೀಭೂತ ಪಾಷಾಣ" ಎಂದು ಬರೆದೆ. ಹಲಗೆ ಸಾಲಲಿಲ್ಲ. ತರಗತಿಯ ಮೂವತ್ತು ನಾಲಿಗೆಗಳು ಅದನ್ನು ಮೂವತ್ತು ಬಗೆಯಾಗಿ ಒಡೆದವು. ಕಲ್ಲನ್ನು ಒಡೆಯಲು ಮಳೆಗಾಳಿಗೆ ಲಕ್ಷಾಂತರ ವರ್ಷ ಬೇಕು ಎಂದು ನಾನು ಅದೇ ತಾನೇ ಹೇಳಿದ್ದೆ.

ತರಗತಿ ಮುಗಿದ ಮೇಲೆ ಉಸ್ತಾದರು ಹತ್ತಿರ ಬಂದು ಉರ್ದುವಿನಲ್ಲಿ ಕೇಳಿದರು. "ಬೇಟಾ, ನನ್ನ ಅರಬಿ ಪದಗಳು ಕಷ್ಟವೆಂದು ನೀವೆಲ್ಲ ತೆಗೆದಿರಿ. ಸಂತೋಷ. ಇವು ಕನ್ನಡವೇ?"

"ಕನ್ನಡವೇ," ಎಂದೆ.

"ಹಾಗಾದರೆ ಆ ಬಂಡೆಯ ಮೇಲಿದ್ದ ಹೆಣ್ಣುಮಗಳು ಮಾತಾಡಿದ್ದು ಯಾವ ಭಾಷೆ?"

ಶಾಸ್ತ್ರಕ್ಕೆ ಶಾಸ್ತ್ರದ ಭಾಷೆ ಬೇಕು ಎಂದು ನಾನು ಏನೋ ಹೇಳಿದೆ. ಅವರು ಒಪ್ಪಿದಂತೆ ತಲೆಯಾಡಿಸಿ, ನನ್ನ ಪದಗಳನ್ನು ಒಂದೊಂದು ಅಕ್ಷರ ಕೂಡಿಸಿ ಬರೆದುಕೊಂಡರು. ಅರವತ್ತರ ಹತ್ತಿರದ ಮನುಷ್ಯ, ಒತ್ತಕ್ಷರ ಬಂದಾಗಲೆಲ್ಲ ಸೀಮೆಸುಣ್ಣ ಹಿಡಿದಂತೆ ಪೆನ್ಸಿಲ್ ಹಿಡಿಯುತ್ತಿದ್ದರು. ಅವತ್ತು ನನಗೆ ಕೋಪ ಬಂತು. ಅದು ಅವರ ಮೇಲಲ್ಲ, ನನ್ನ ಮೇಲೆಯೇ ಎಂದು ಈಗ ಗೊತ್ತಾಗುತ್ತದೆ.

ದಸರೆಗೆ ಮುಂಚೆ ಶಾಲೆಯ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಹೊರಗಿನ ಜಿಲ್ಲೆಯವರು, ಅಚ್ಚಾದ ಪುಸ್ತಕದಂತೆ ಕನ್ನಡ ಮಾತಾಡುತ್ತಿದ್ದರು. ಎಲ್ಲ ತರಗತಿ ನೋಡಿ ಕೊನೆಗೆ ನನ್ನದಕ್ಕೆ ಬಂದು ಕುರ್ಚಿಯಲ್ಲಿ ಕೂತರು. ನಾನು ಮೇಜಿನ ಮೇಲೆ ದೇವದುರ್ಗದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದೆ.

"ಬಂಡೆಗಳಲ್ಲಿ ಎಷ್ಟು ಬಗೆ?" ಎಂದು ಕೇಳಿದರು.

"ಮೂರು," ಎಂದು ಇಡೀ ತರಗತಿ ಕೂಗಿತು. ನನ್ನ ಎದೆ ಉಬ್ಬಿತು.

"ಯಾವುವು?"

ಅಲ್ಲಿಂದ ಮುಂದೆ ಆದದ್ದನ್ನು ವಿವರಿಸುವುದು ಬೇಡ. ವಹ್ನಿಯವರೆಗೆ ಒಂದಷ್ಟು ಮಂದಿ ಬಂದರು. ಸ್ತರೀಭೂತಕ್ಕೆ ಬರುವಷ್ಟರಲ್ಲಿ ಭೂತ ಒಂದೇ ಉಳಿದಿತ್ತು. ಅಧಿಕಾರಿ ತಮ್ಮ ಚೀಲದಿಂದ ಅಚ್ಚಾದ ಪಟ್ಟಿಯೊಂದನ್ನು ತೆಗೆದು ನೋಡಿ, "ಅಗ್ನಿಶಿಲೆ ಎಂಬ ಶಬ್ದ ಕೇಳಿದ್ದೀರಾ?" ಎಂದರು. ಮಕ್ಕಳು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೋಗಲಿ, ಒಂದು ಬಂಡೆ ಇನ್ನೊಂದಾಗುವುದು ಹೇಗೆ, ಯಾರಾದರೂ ನಿಮ್ಮ ಮಾತಿನಲ್ಲೇ ಹೇಳಿ ಎಂದರು. ಯಾರೂ ಏಳಲಿಲ್ಲ. ಆಗ ಅವರ ಕಣ್ಣು ಹಿಂದಿನ ಬೆಂಚಿನ ಮೇಲೆ ಬಿತ್ತು.

"ಅವರು ಯಾರು?"

ಉಸ್ತಾದರು ಎದ್ದು ನಿಂತರು. ಶೇರವಾನಿಯ ಗುಂಡಿ ಹಾಕಿಕೊಂಡರು. "ವಿದ್ಯಾರ್ಥಿ, ಸರ್."

ಹೆಡ್‌ಮಾಸ್ತರರು ಬಗ್ಗಿ ಅಧಿಕಾರಿಯ ಕಿವಿಯಲ್ಲಿ ವಿಷಯ ತಿಳಿಸಿದರು. ಅಧಿಕಾರಿಗೆ ತಮಾಷೆ ಅನ್ನಿಸಿತೋ, ಕನಿಕರವಾಯಿತೋ. "ಹಾಗಾದರೆ ನೀವೇ ಹೇಳಿ," ಎಂದರು.

ಉಸ್ತಾದರು ಮುಂದೆ ಬಂದು ಮೇಜಿನ ಮೇಲಿನ ಕಲ್ಲೊಂದನ್ನು ಕೈಗೆ ತೆಗೆದುಕೊಂಡರು. ಅವರು ನನ್ನ ಕಡೆ ನೋಡಲಿಲ್ಲ.

"ಇದು ಬೆಂಕಿಗಲ್ಲು. ಇದರ ತವರುಮನಿ ಬೆಂಕಿ," ಎಂದು ಶುರುಮಾಡಿದರು. "ಒಳಗ ಕುದಿಯಾಕತ್ತಿತ್ತು, ಸಾವಕಾಶ ಆರಿತು, ಕಲ್ಲಾತು. ಹೊರಗ ಬಂದು ಬಿಸಿಲು ತಿಂತು, ಮಳಿ ಕುಡೀತು, ಹಣ್ಣಾತು. ಹಣ್ಣಾಗಿ ಗರಸು, ಗರಸಿನಿಂದ ಮಣ್ಣು. ಹಳ್ಳ ಒಯ್ದು ಕೃಷ್ಣಿಗೆ ಕೊಡ್ತು, ಕೃಷ್ಣಿ ಸಮುದ್ರಕ್ಕ. ಅಲ್ಲಿ ರೊಟ್ಟಿ ಮ್ಯಾಲೆ ರೊಟ್ಟಿ ಇಟ್ಟಂಗ ಕೂತು ಪದರಗಲ್ಲು ಆತು. ಅದರ ಮ್ಯಾಲೆ ಭಾರ ಬಿತ್ತು, ಕೆಳಗ ಕಾವು ಹತ್ತಿತು. ಕರಗಲಿಲ್ಲ, ಕಡುಬಿನಂಗ ಬೆಂತು. ಇದು ನೋಡ್ರಿ, ಬೆಂದ ಕಲ್ಲು. ಇನ್ನೂ ಕೆಳಗ ಹೋದ್ರ ಕರಗತದ, ಮತ್ತ ಬೆಂಕಿಯಾಗತದ. ಒಂದೊಂದು ಕಲ್ಲು ಇಷ್ಟು ದೂರ ಹೋಗಂಗಿಲ್ಲ, ನಡುವೇ ಬ್ಯಾರೆ ದಾರಿ ಹಿಡಿತದ. ಪದರಗಲ್ಲೂ ಹಣ್ಣಾಗಬಹುದು, ಬೆಂಕಿಗಲ್ಲೂ ಬೇಯಬಹುದು. ಅವಸರ ಏನೂ ಇಲ್ಲ ಅದಕ್ಕ. ಪರೀಕ್ಷಾ ಇಲ್ಲ."

ತರಗತಿ ನಕ್ಕಿತು. ಆಮೇಲೆ ಅಧಿಕಾರಿಯೂ ನಕ್ಕರು. ಅವರು ಮಕ್ಕಳ ಕಡೆ ತಿರುಗಿ ಅದೇ ಪ್ರಶ್ನೆ ಮತ್ತೆ ಕೇಳಿದರು. ಈ ಸಲ ಹತ್ತು ಕೈ ಎದ್ದವು. ನಾನು ಗೋಡೆಗೆ ಆನಿಕೊಂಡು ನಿಂತಿದ್ದೆ. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಅದರ ಜೊತೆಗೇ, ಹುಡುಗನಾಗಿ ಕೋಟೆಯ ಗುಡ್ಡದ ಮೇಲೆ ಕೂತು ಅವರ ಪಾಠ ಕೇಳಿದ ಸುಖವೂ ಇತ್ತು. ಎರಡೂ ಒಟ್ಟಿಗೆ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ವರದಿ ಬಂತು. ಉಸ್ತಾದರ ಉಚ್ಚಾರ ಸುಧಾರಿಸಬೇಕಾಗಿದ್ದರೂ ವಿಷಯವನ್ನು ಕನ್ನಡದಲ್ಲಿ ಹೇಳುವ ಶಕ್ತಿ ಅವರಿಗಿದೆ, ಭೂಗೋಳವನ್ನು ಅವರಿಗೇ ಕೊಡಬಹುದು ಎಂದಿತ್ತು. ನನ್ನ ವಿಚಾರವಾಗಿ ಒಂದೇ ಸಾಲು: ಈ ಶಿಕ್ಷಕರು ಕನ್ನಡದಲ್ಲಿ ಇನ್ನಷ್ಟು ಪರಿಶ್ರಮ ಮಾಡುವುದು ಅವಶ್ಯ. ಅವರ ಕುರ್ಚಿಯನ್ನು ಕಿತ್ತುಕೊಂಡೆನಲ್ಲ ಎಂಬ ಭಾರ ನನ್ನ ಮೇಲಿಂದ ಇಳಿಯಿತು. ಕುರ್ಚಿಯಿಂದ ನಾನೂ ಇಳಿದೆ. ಮುಂದಿನ ತಿಂಗಳು ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿದರು, ಲೆಕ್ಕ ಕಲಿಸಲು.

ಹೊರಡುವ ದಿನ ಉಸ್ತಾದರು ಬಸ್ಸಿನವರೆಗೆ ಬಂದರು. ನನ್ನ ಹಾಸಿಗೆ ಸುರುಳಿಯನ್ನು ಅವರೇ ಎತ್ತಲು ಹೋದರು, ನಾನು ಬಿಡಲಿಲ್ಲ. ಆ ಎಳೆದಾಟದಲ್ಲಿ ಹಗ್ಗ ಬಿಚ್ಚಿಹೋಗಿ, ಇಬ್ಬರೂ ನೆಲದ ಮೇಲೆ ಕೂತು ಅದನ್ನು ಕಟ್ಟಿದೆವು.

"ಅವತ್ತು ನಾನು ಸುಮ್ಮನೆ ಕೂತಿರಬೇಕಾಗಿತ್ತು," ಎಂದರು ಉರ್ದುವಿನಲ್ಲಿ.

"ನೀವು ಸುಮ್ಮನೆ ಕೂತಿದ್ದರೆ ಇಬ್ಬರೂ ಹೋಗುತ್ತಿದ್ದೆವು," ಎಂದೆ.

"ಹಗ್ಗ ಗಟ್ಟಿ ಅದನೋ ಇಲ್ಲೋ ನೋಡ್ರಿ," ಎಂದು ಕನ್ನಡದಲ್ಲಿ ಹೇಳಿ ಎದ್ದರು. ಅವರು ನನ್ನ ಹತ್ತಿರ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು.

ದೇವದುರ್ಗದಲ್ಲಿ ನನಗೆ ಕೆಟ್ಟದೇನೂ ಆಗಲಿಲ್ಲ. ಮೊದಲ ರಜೆಯ ದಿನ ಆ ಬಂಡೆಯ ಹತ್ತಿರ ಹೋದೆ. ಗುಡಿಸಲುಗಳಿರಲಿಲ್ಲ. ತುಂಗಭದ್ರೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸಕ್ಕೆ ಅವರೆಲ್ಲ ಹೋದರೆಂದು ದಾರಿಯಲ್ಲಿ ಸಿಕ್ಕ ದನಗಾಹಿ ಹೇಳಿದ. ಮರುವರ್ಷ ಅಚ್ಚಾದ ಪುಸ್ತಕವೂ ಬಂತು. ಅದರಲ್ಲಿ ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದಿತ್ತು. ಅದನ್ನು ತಂದೆಗೆ ತೋರಿಸಿದೆ. ತೀರ ಗಿಡ್ಡ ಆತು ಎಂದರು.

ನನಗೆ ಹೊಸ ಊರಿನಲ್ಲಿ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಅಲ್ಲಿಯ ಜನರ ಹೊಲ, ಮನೆ, ಬಾವಿಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಹೊಸದಾಗಿ ಬಂದ ಕಚೇರಿಯವರಿಗೆ ಅವು ಓದಲು ಬರುತ್ತಿರಲಿಲ್ಲ. ಕನ್ನಡ ಸಾಲದೆಂದು ಕಳಿಸಿದ ಮಾಸ್ತರನಿಗೆ ಉರ್ದು ಚೆನ್ನಾಗಿ ಬರುತ್ತದೆ ಎಂಬ ಸುದ್ದಿ ಒಂದೇ ವಾರದಲ್ಲಿ ಹಬ್ಬಿತು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಐದಾರು ಮಂದಿ, ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದ ಹಿಡಿದು ಕೂತಿರುತ್ತಿದ್ದರು.

"ಓದಿ ಹೇಳ್ರೀ ಮಾಸ್ತರ, ಏನು ಬರದಾರ ನೋಡೋಣು."

ನಾನು ಒಂದೊಂದೇ ಬಿಚ್ಚಿ, ಓದಿ, ಮನೆಯ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕೇಳಿ, ಕಾಗದ ಮಡಿಚಿಕೊಂಡು, ಬರ್ತೀವ್ರೀ ಎಂದು ಎದ್ದು ಹೋಗುತ್ತಿದ್ದರು. ನಾನು ಅಲ್ಲಿದ್ದ ಅಷ್ಟು ವರ್ಷಗಳಲ್ಲಿ ಒಬ್ಬರೂ ಒಂದು ಪದಕ್ಕೂ ಅರ್ಥ ಕೇಳಲಿಲ್ಲ.